ಬಾಲದಿಂದ ಓದಿದ ದೋಣಿಗಳು

…ಇಲ್ಲ, ಅಷ್ಟು ಹೊತ್ತಿಗೆ ಭಾವನ ದೋಣಿ ಬಂದಿರಲಿಲ್ಲ ಅನಿಸುತ್ತದೆ. ಅಥವಾ ಬಂದಿತ್ತೋ. ನೆನಪು ತನಗೆ ಅನುಕೂಲವಾದ ಜಾಗದಲ್ಲಿ ದೋಣಿ ತಂದು ಕಟ್ಟುತ್ತದೆ, ಅದನ್ನು ನಂಬುವ ಹಾಗಿಲ್ಲ. ಹೊನ್ನಾವರದಲ್ಲಿ ಮೀನು ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮಗುಚಿಟ್ಟ ಮೀನಿನ ಕ್ರೇಟಿನ ಮೇಲೆ ನನ್ನ ಲ್ಯಾಪ್‌ಟಾಪ್ ಇದ್ದದ್ದಂತೂ ನಿಜ. ಅಕ್ಕ ಭಾವನಿಗಾಗಿ ಕಾಯುತ್ತಿದ್ದಳು. ಮನೆಯಲ್ಲಿ ಸಿಗ್ನಲ್ ಇಲ್ಲವೆಂದು ನಾನೂ ಅವಳ ಜೊತೆ ಬಂದಿದ್ದೆ.

ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು ಯಂತ್ರಕ್ಕೆ ತಿಳಿಯುವ ಕೋಡ್ ಆಗಿಸುವ ಕಂಪೈಲರಿಗೆ ನಾನು ಬರೆದ ಮೊದಲ ತಿದ್ದುಪಡಿ ಅದು. ಎರಡು ಅಕ್ಷರಸಾಲುಗಳು, ಅಂದರೆ ಸ್ಟ್ರಿಂಗ್‌ಗಳು ಒಂದೇ ಹೌದೋ ಅಲ್ಲವೋ ಎಂದು ತಿಳಿಯಲು ಕಂಪೈಲರ್ ತಯಾರಿಸುವ ಕೋಡ್ ಪ್ರತಿ ಸಲ ಹೊರಗಿನ ಫಂಕ್ಷನ್ ಒಂದನ್ನು ಕರೆಯುತ್ತಿತ್ತು, ಅದಕ್ಕೆ ಹೊತ್ತು ಹಿಡಿಯುತ್ತಿತ್ತು. ಉದ್ದ ಒಂದೇ ಇದ್ದರೆ ಮೊದಲ ಎಂಟು ಬೈಟ್ ಅಲ್ಲೇ ನೋಡಿಬಿಡಲಿ, ಬೇರೆಯಾದರೆ ಕರೆಯ ಗೊಡವೆಯೇ ಬೇಡ ಎಂಬುದು ನನ್ನ ಉಪಾಯ. ಸಂಜೆಯೊಳಗೆ ವೇಗ ಕಾಣದಿದ್ದರೆ ಕಂಪೈಲರಿನ ಈ ಸಲದ ಬಿಡುಗಡೆಯಲ್ಲಿ ಸೇರಿಸುವುದಿಲ್ಲ ಎಂದು, ತಿದ್ದುಪಡಿಗಳನ್ನು ನೋಡಿ ಒಪ್ಪುವ ದೂರದ ಪರಿಶೀಲಕಿ ಬರೆದಿದ್ದಳು.

"ತಮಾ, ಎಂತ ಮುಖ ಅದು? ಹಳಸಿದ ಬಂಗಡೆ ಹಾಂಗೆ."

"ಇಲ್ಲಿಯ ದೋಣಿಗಳ ಹೆಸರು ಹಾಕಿ ನೋಡಿದೆ ಅಕ್ಕಾ. ಮೊದಲಿಗಿಂತ ನಿಧಾನ."

"ಎಲ್ಲಾ 'ಶ್ರೀ ದುರ್ಗಾ' ಅಂತಲೇ ಶುರು. ಅಮ್ಮನ್ನ ದಾಟಿ ಹೋಗೂಕೆ ಹೊತ್ತು ಬೇಡ್ವಾ?"

ನಗು ಬಂತು. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್. ನನ್ನ ಎಂಟು ಬೈಟಿನಲ್ಲಿ ನಾಲ್ಕು ಚಿಹ್ನೆ ಸೇರಿದ 'ಶ್ರೀ' ಕೂಡ ಮುಗಿಯುವುದಿಲ್ಲ. ದಕ್ಕೆಯ ದೋಣಿಗಳೆಲ್ಲ ಅಲ್ಲಿಯವರೆಗೆ ಒಂದೇ. ನೋಡಿದ್ದೂ ದಂಡ, ಆಮೇಲೆ ಹೊರಗಿನ ಕರೆಯೂ ತಪ್ಪಲಿಲ್ಲ.

"ಮತ್ತೆ ನೀನು ದೂರದಿಂದ ಭಾವನ ದೋಣಿ ಹೆಂಗೆ ಗುರುತು ಹಿಡಿಯೂದು?"

"ಕೊನೇ ಅಕ್ಷರ ನೋಡಿ. ಹೆಸರು ಬರೀತಾ ಅಲ್ಲಿಗೆ ಬರುವಷ್ಟರಲ್ಲಿ ಕೆಂಪು ಬಣ್ಣ ಖಾಲಿ. ಅದೊಂದಕ್ಕೆ ಹಸಿರು ಬಳಿದ ನಿನ್ನ ಭಾವ. ಕೇಳಿದರೆ ಚಂದಕ್ಕೆ ಅಂತ."

ಒಂದೇ ಹೌದೋ ಅಲ್ಲವೋ ಅಷ್ಟೇ ಬೇಕಿದ್ದರೆ ಯಾವ ತುದಿಯಿಂದ ನೋಡಿದರೇನು? ಮೊದಲ ಎಂಟರ ಬದಲು ಕೊನೆಯ ಎಂಟು ಬೈಟ್ ನೋಡುವಂತೆ ಬದಲಿಸಿ ಮತ್ತೆ ಓಡಿಸಿದೆ. ಸಮಯ ಸರ್ರನೆ ಇಳಿಯಿತು. ಇನ್ನೊಮ್ಮೆ ಓಡಿಸಿದೆ, ಬೇಕಾಗಿರಲಿಲ್ಲ, ಖುಷಿಗೆ. ಕಳಿಸಿದೆ.

"ಆತಾ?"

"ಆತು."

ಬಿಸಿಲು ಇನ್ನೂ ಇರುವಾಗಲೇ ಒಪ್ಪಿಗೆ ಬಂತು. ಜೊತೆಗೊಂದು ಪ್ರಶ್ನೆ: ನಿನ್ನ ಪರೀಕ್ಷೆಯ ಹೆಸರುಗಳೆಲ್ಲ ಯಾಕೆ ಒಂದೇ ಥರ ಶುರುವಾಗುತ್ತವೆ? ಸಮುದ್ರಕ್ಕೆ ಹೋಗುವವರು ಮೊದಲು ದೇವರ ಹೆಸರು ಹೇಳುತ್ತಾರೆ ಎಂದು ಉತ್ತರಿಸಿದೆ. ಅಕ್ಕ ಎದ್ದು ನಿಂತು ಕೈ ಬೀಸುತ್ತಿದ್ದಳು. ದೂರದಲ್ಲಿ ಹಸಿರು ಅಕ್ಷರ ಕಂಡಿತು ಎಂದು ಬರೆಯುವ ಆಸೆ. ನಾನು ನೋಡಿದೆನೋ, ಅವಳು ಹೇಳಿದ್ದಕ್ಕೆ ಕಂಡಂತಾಯಿತೋ.

ಆ ಕೋಡ್ ಈಗ ಎಲ್ಲೆಲ್ಲೋ ಓಡುತ್ತಿದೆ. ಹೆಸರುಗಳ ಕೊನೆಯೂ ಒಂದೇ ಆಗಿರುವ ಕಡೆ ಅದರಿಂದ ಕೆಲಸ ಎಷ್ಟು ನಿಧಾನವಾಗಿದೆಯೋ, ನನಗೆ ಗೊತ್ತಿಲ್ಲ.