ಗೋಡೆಯ ಮೇಲಿದ್ದ ನಾರಾಯಣಮ್ಮ

ಆ ಹೋಟೆಲಿನವನು ನನ್ನ ಸೊಪ್ಪು ಬಿಟ್ಟ, ನನ್ನ ಮುಖ ಇಟ್ಟುಕೊಂಡ. ನಡೆದದ್ದು ಇಷ್ಟೇ. ಆಮೇಲೆ ಅವನು ಹೇಳಿದ ಸಪ್ಲೈ ತೊಂದರೆ, ಕೆಲಸದವರ ತಪ್ಪು, ಎಲ್ಲ ಬೂಟಾಟಿಕೆ.

ನಾನು ಬೈರಕೂರಿನ ಕಡೆಯವಳು. ಓದಿದ್ದು ಮೂರನೇ ಕ್ಲಾಸು, ಕೆಲಸ ಸೊಪ್ಪು ಮಾರುವುದು. ಮದುವೆಯಾದ ವರ್ಷದಿಂದ ಮೊಮ್ಮಕ್ಕಳು ಸ್ಕೂಲಿಗೆ ಹೋಗುವವರೆಗೆ, ನಲವತ್ತು ವರ್ಷ, ಮೊದಲ ಬಸ್ಸಿಗೆ ಬುಟ್ಟಿ ಹಾಕಿಕೊಂಡು ಕೋಲಾರಕ್ಕೆ ಹೋಗಿ ಮನೆ ಬಾಗಿಲಲ್ಲಿ ವ್ಯಾಪಾರ ಮಾಡಿದ್ದೇನೆ. ಇದಕ್ಕೆ ಬೋರ್ಡಿಲ್ಲ, ಲೈಸೆನ್ಸಿಲ್ಲ. ನಾರಾಯಣಮ್ಮನ ಸೊಪ್ಪಾದರೆ ಕಣ್ಣು ಮುಚ್ಚಿ ಸಾರಿಗೆ ಹಾಕಬಹುದು ಎನ್ನುವ ಮಾತೊಂದೇ ನನ್ನ ಬಂಡವಾಳ.

ನನಗೆ ಹೆಸರು ತಂದದ್ದು ಬೆರಕೆ ಸೊಪ್ಪು. ಇದನ್ನು ಯಾರೂ ಬಿತ್ತುವುದಿಲ್ಲ. ಮಳೆ ಬಿದ್ದು ರಾಗಿ ಮೇಲೆದ್ದಾಗ ಸಾಲಿನ ನಡುವೆ ತಾನಾಗಿ ಹುಟ್ಟುತ್ತದೆ: ಅಣ್ಣೆ, ಕನ್ನೆ, ಗೋಣಿ, ಗುಳುಸುಂಡೆ, ಇನ್ನೂ ಏಳೆಂಟು ಬಗೆ. ಯಾವುದನ್ನು ಎಷ್ಟು ಸೇರಿಸಬೇಕು, ಯಾವುದನ್ನು ಮುಟ್ಟಬಾರದು ಎಂಬುದು ಅತ್ತೆ ಕಲಿಸಿದ ವಿದ್ಯೆ. ಉಗುರಿನಲ್ಲಿ ಚಿಗುರು ಚಿವುಟಬೇಕು, ಕುಡುಗೋಲು ಹಾಕುವಂತಿಲ್ಲ, ಬೇರು ಕೀಳುವಂತಿಲ್ಲ. ರಾಗಿ ಕೊಯ್ಲಾಯಿತೋ, ಬೆರಕೆಯೂ ಮುಗಿಯಿತು.

ಹೋದ ಮಳೆಗಾಲ ಕೋಲಾರದಲ್ಲಿ ಹೊಸ ಹೋಟೆಲೊಂದು ಶುರುವಾಯಿತು. 'ಹೊಲದಿಂದ ನೇರ ತಟ್ಟೆಗೆ' ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಮಾಲೀಕ ಕಿರಣ್ ಎನ್ನುವವನು ನಮ್ಮ ಹೊಲಕ್ಕೇ ಬಂದ. ನಾನು ಬಗ್ಗಿ ಸೊಪ್ಪು ಚಿವುಟುತ್ತಿದ್ದಾಗ ಫೋಟೋ ತೆಗೆದ.

"ನಗಿ ಅಜ್ಜಿ," ಅಂದ.

"ಸೊಂಟ ಹಿಡ್ಕೊಂಡಿದೆ, ನಗೋದೆಲ್ಲಿಂದ ಬರ್ತದೆ? ಬೇಗ ತೆಗಿ ನಾಯನಾ," ಅಂದೆ.

ಮಳೆಗಾಲವೆಲ್ಲ ಅವನಿಗೆ ಸೊಪ್ಪು ಕೊಟ್ಟೆ. ಕೊಯ್ಲಾದ ಮೇಲೆ, ಇನ್ನು ಬೆರಕೆ ಸಿಗಲ್ಲ, ಬಾವಿ ನೀರಲ್ಲಿ ಬೆಳೆದ ದಂಟು, ಮೆಂತ್ಯ, ಪಾಲಕ ಕೊಡ್ತೀನಿ ಎಂದು ಹೇಳಿದೆ. ಆಗಲಿ ಅಂದವನು ಒಂದು ವಾರಕ್ಕೆ ಫೋನು ಮಾಡಿ, ನಾಳೆಯಿಂದ ಬೇಡ ಅಂದ. ವ್ಯಾಪಾರದಲ್ಲಿ ಇದು ಇದ್ದದ್ದೇ. ನಾನು ನನ್ನ ಗಿರಾಕಿ ಮನೆಗಳನ್ನು ನೋಡಿಕೊಂಡೆ.

ಶಿವರಾತ್ರಿ ಕಳೆದಿತ್ತು. ನನ್ನ ಹಳೇ ಗಿರಾಕಿ, ರಿಟೈರ್ ಆಗಿರುವ ಸರೋಜಮ್ಮ ಟೀಚರ್ ಬಾಗಿಲು ಅರ್ಧ ತೆಗೆದು, "ಇವತ್ತು ಬೇಡ ನಾರಾಯಣಮ್ಮ," ಅಂದರು. ಮಾರನೇ ದಿನವೂ ಬೇಡ. ಪಕ್ಕದ ಮನೆಯವಳೂ ಬೇಡ ಅಂದಳು. ಮೂರನೇ ದಿನ ನಾನು ಹೊಸ್ತಿಲಲ್ಲೇ ಕೂತೆ.

"ಯಾಕೆ ಬೇಡ, ಹೇಳ್ರಿ ಟೀಚರಮ್ಮ. ಹೇಳೋವರೆಗೂ ಏಳಲ್ಲ."

"ಏನು ಹೇಳೋದು? ಆ ಹೋಟೆಲಲ್ಲಿ ನಿನ್ನ ಬೆರಕೆ ಸೊಪ್ಪಿನ ಸಾರು ತಿಂದೆ. ಔಷಧಿ ವಾಸನೆ. ಹೊಟ್ಟೆ ಕೆಟ್ಟು ಎರಡು ದಿನ ಮಲಗಿದ್ದೆ. ಹೋಗಿ ಕೇಳಿದ್ರೆ, ಹಳ್ಳಿಯವ್ರು ಏನು ಹೊಡೀತಾರೋ ನಮಗೆ ಹೇಳಲ್ಲ, ಅಜ್ಜಿನೇ ಕೇಳಿ ಅಂದ ಆ ಓನರು."

ನನಗೆ ಅಳು ಬರಲಿಲ್ಲ. ಅವನಿಗೆ ಬಾರಿಸಲು ಕೈ ತುರಿಸಿತು. ನಲವತ್ತು ವರ್ಷ ಚಿವುಟಿ ಕಟ್ಟಿದ ಹೆಸರನ್ನು ಅವನು ಒಂದು ಬಾಯಿಮಾತಿನಲ್ಲಿ ಕಿತ್ತು ಎಸೆದಿದ್ದ. ಆದರೂ ತಕ್ಷಣ ಜಗಳಕ್ಕೆ ಓಡಲಿಲ್ಲ. ಖಾಲಿ ಹೋಟೆಲಿನಲ್ಲಿ ಕೂಗಾಡಿದರೆ ಕೇಳುವವರು ಯಾರು? ಭಾನುವಾರ ಮಧ್ಯಾಹ್ನ ತುಂಬಿರುತ್ತದೆ. ಭಾನುವಾರದವರೆಗೆ ಹಲ್ಲು ಕಚ್ಚಿಕೊಂಡಿದ್ದೆ.

ಆ ದಿನ ಒಳ್ಳೆ ಸೀರೆ ಉಟ್ಟು, ನನ್ನ ಬಾಯಿಮಾತು ಬೇಡ, ಕಣ್ಣಾರೆ ನೋಡ್ರಿ ಎಂದು ಟೀಚರನ್ನು ಕರೆದುಕೊಂಡು ಹೋದೆ. ಬಾಗಿಲ ಪಕ್ಕದ ಗೋಡೆಯಲ್ಲಿ ಬಾಗಿಲಷ್ಟೇ ಎತ್ತರದ ನಾನು. ಕೆಳಗೆ ಮೊರದಲ್ಲಿ 'ಇಂದು ಬೆಳಿಗ್ಗೆ ಬಂದ ಬೆರಕೆ ಸೊಪ್ಪು' ಎಂದು ಚೀಟಿ. ಊಟ ಬಡಿಸುವ ಹೆಂಗಸು ಹೊಸಬಳು.

"ಯಾರಮ್ಮ ಈ ಮುದುಕಿ?" ಎಂದು ಫೋಟೋ ತೋರಿಸಿದೆ.

"ನಮ್ಮ ನಾರಾಯಣಮ್ಮಜ್ಜಿ. ದಿನಾ ಅವ್ರೇ ತಂದು ಕೊಡ್ತಾರೆ."

"ಇವತ್ತೂ ಬಂದಿದ್ಳಾ?"

"ಬೆಳಿಗ್ಗೇನೇ ಬಂದ್ರು. ಕಾಫಿ ಕುಡ್ಕೊಂಡು ಹೋದ್ರು."

ನಾನು ಹೋಗಿ ಫೋಟೋ ಪಕ್ಕ ನಿಂತೆ. "ಸರಿಯಾಗಿ ನೋಡಮ್ಮ. ಯಾರು ಕುಡಿದಿದ್ದು ಕಾಫಿ?"

ಪಕ್ಕದ ಟೇಬಲ್ಲಿನವರು ತಿನ್ನುವುದನ್ನು ನಿಲ್ಲಿಸಿದರು. ಒಬ್ಬ ಪಕ್ಕನೆ ನಕ್ಕ. ಕಿರಣ್ ಅಡುಗೆಮನೆಯಿಂದ ಓಡಿಬಂದ. "ಅಜ್ಜಿ, ಒಳಗೆ ಬನ್ನಿ, ಮಾತಾಡೋಣ."

"ಒಳಗ್ಯಾಕೆ? ನನ್ನ ಮುಖ ಹೊರಗೆ ನೇತಾಕಿದೀಯ, ಮಾತೂ ಹೊರಗೇ ಆಗಲಿ."

ಮೊರದ ಸೊಪ್ಪನ್ನು ಪಕ್ಕದ ಟೇಬಲ್ಲಿನ ಮೇಲೆ ಸುರಿದೆ. ಬೇರು ಸಮೇತ ಕಿತ್ತ ದಂಟು, ಕುಡುಗೋಲಿನಲ್ಲಿ ಕೊಯ್ದ ಪಾಲಕ. ಕಟ್ಟುಗಳಿಗೆ ರಬ್ಬರ್ ಬ್ಯಾಂಡು. "ಇದರಲ್ಲಿ ಅಣ್ಣೆ ಎಲ್ಲಿದೆ, ತೋರಿಸು. ರಾಗಿ ಕಣ ಸೇರಿ ಎಷ್ಟು ತಿಂಗಳಾಯ್ತು? ಈ ಬಿಸಿಲಲ್ಲಿ ಬೆರಕೆ ಯಾವ ಹೊಲದಲ್ಲಿ ಹುಟ್ತು, ಹೇಳೋ?"

ನಮ್ಮ ಕಡೆ ಹೊಲ ನೋಡಿದ ಯಾವ ಹೆಂಗಸಿಗೂ ಗೊತ್ತಿರುವ ವಿಷಯ ಅದು. ಅವನು ಫೋಟೋ ತೆಗೆದನೇ ಹೊರತು ಹೊಲ ನೋಡಿರಲಿಲ್ಲ.

"ಮಾರ್ಕೆಟ್ಟಿಂದ ತರಿಸಿದ್ದು," ಎಂದ ಕೊನೆಗೆ, ಗಂಟಲಲ್ಲೇ.

"ಗಟ್ಟಿಯಾಗಿ ಹೇಳು. ಟೀಚರಮ್ಮನಿಗೆ ಕಿವಿ ಮಂದ," ಅಂದೆ. ಅವರ ಕಿವಿ ಚೆನ್ನಾಗೇ ಇದೆ.

ಗಟ್ಟಿಯಾಗಿ ಹೇಳಿದ. ಇಬ್ಬರು ಎದ್ದು ಹೋದರು. ಫೋಟೋ ಇಳಿಸು ಅಂದೆ. ಸ್ಟೂಲು ಹಾಕಿಕೊಂಡು ತಾನೇ ಇಳಿಸಿದ. ನಾಳೆಯಿಂದ ಎಲ್ಲಾ ಸೊಪ್ಪೂ ನಿಮ್ಮದೇ ಅಜ್ಜಿ ಎಂದು ಕೈ ಮುಗಿದ. ಕೊಡಲ್ಲ ಅಂದೆ. ಆ ಫೋಟೋ ಈಗ ನಮ್ಮ ಕೋಳಿಗೂಡಿಗೆ ಬಾಗಿಲು.

ರಸ್ತೆಗೆ ಬಂದ ಮೇಲೆ ಟೀಚರ್, "ನಾನು ತಪ್ಪು ತಿಳ್ಕೊಂಡೆ ಕಣೇ," ಅಂದರು.

"ಹೌದು, ತಿಳ್ಕೊಂಡ್ರಿ," ಅಂದೆ. ಪರವಾಗಿಲ್ಲ ಎಂಬ ಮಾತು ನನ್ನ ಬಾಯಲ್ಲಿ ಬರಲಿಲ್ಲ, ಈಗಲೂ ಬರುವುದಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇದು: ಸೊಪ್ಪು ಸಂಜೆಗೆ ಬಾಡಿದರೆ ಹಸುವಿಗೆ ಹಾಕಬಹುದು, ಹೆಸರು ಬಾಡಿದರೆ ಹಸುವೂ ಮೂಸುವುದಿಲ್ಲ. ಅದನ್ನು ಕೆಡಿಸಿದವನನ್ನು ಸುಮ್ಮನೆ ಬಿಟ್ಟರೆ ಅವನು ಇನ್ನೊಬ್ಬಳ ಹೊಲಕ್ಕೆ ಕ್ಯಾಮರಾ ಹಿಡಿದು ಹೋಗುತ್ತಾನೆ.

ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಮನೆಗಳ ಕಡೆ ಹೋಗಲಿಲ್ಲ. ಅವನ ಗೇಟಿನ ಎದುರು, ರಸ್ತೆಯ ಈ ಪಕ್ಕದಲ್ಲಿ ಗೋಣಿಚೀಲ ಹಾಸಿ, ಸೊಪ್ಪು ಹರಡಿ, ಅವನ ಅಡುಗೆಮನೆಗೂ ಕೇಳುವಂತೆ ಕೂಗಲು ಶುರುಮಾಡಿದೆ: "ದಂಟಿದೆ, ಮೆಂತ್ಯ ಇದೆ, ಪಾಲಕ ಇದೆ! ಬೆರಕೆ ಸೊಪ್ಪು ಮಳೆ ಬರೋವರೆಗೂ ಯಾರತ್ರಾನೂ ಇಲ್ಲ!"