ನೀರಿನ ರುಚಿ ನೋಡುತ್ತಿದ್ದ ವತ್ಸಲಕ್ಕ

ವತ್ಸಲಕ್ಕ ಎಲ್ಲಿ ನೀರು ಕಂಡರೂ ಮೊದಲು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದರು. ಬಾವಿ, ಕಾಲುವೆ, ಯಾರದೋ ಹೊಸ ಮನೆಯ ಸಂಪು, ಯಾವುದನ್ನೂ ಬಿಟ್ಟವರಲ್ಲ. ಕಣ್ಣು ಮುಚ್ಚಿ, ಶ್ರುತಿ ಹಿಡಿಯುವವರ ಹಾಗೆ ಒಂದು ಕ್ಷಣ ನಿಂತು, "ನಾಕು ಗುಂಡು ತಗೀಬೇಕು" ಎನ್ನುತ್ತಿದ್ದರು. ಗುಂಡೆಂದರೆ ಸೀಸದ ಗುಂಡು. ಅವು ಇರುತ್ತಿದ್ದದ್ದು ಅವರೇ ಕಟ್ಟಿದ ಸಬ್‌ಮರೀನಿನ ಹೊಟ್ಟೆಯಲ್ಲಿ.

ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ವಿಶಾಖಪಟ್ಟಣಕ್ಕೆ ಹೋದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಎಂವಿಪಿ ಕಾಲೋನಿಯಲ್ಲಿ ನನ್ನ ಪಕ್ಕದ ಮನೆ ವತ್ಸಲಕ್ಕನದು. ಧಾರವಾಡದ ಹೆಣ್ಣುಮಗಳು, ತೆಲುಗು ಮನೆಗೆ ಸೊಸೆಯಾಗಿ ಬಂದವರು. ಹಡಗಿನಲ್ಲಿ ಇಂಜಿನಿಯರಾಗಿದ್ದ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಹಿತ್ತಿಲಿನ ಸಿಮೆಂಟ್ ತೊಟ್ಟಿಯಲ್ಲಿ ಮೊಳಕ್ಕಿಂತ ಉದ್ದದ, ಪಿವಿಸಿ ಪೈಪಿನ ಕರಿ ದೋಣಿಯೊಂದು ಮುಳುಗಿ ಏಳುವುದನ್ನು ಮೊದಲ ಸಲ ಕಂಡಾಗ ನಾನು ಅದನ್ನು ಆಮೆ ಎಂದುಕೊಂಡೆ. "ಆಮಿ ನಿಮ್ಮ ಬ್ಯಾಂಕಿನ್ಯಾಗ ಇರ್ತಾವ. ಇದು ಓಡ್ತದ" ಎಂದರು.

ಆ ದೋಣಿಯನ್ನು ದಡದಿಂದಲೇ ಓಡಿಸುವ ರೇಡಿಯೋ ಸೆಟ್ಟನ್ನು ಗಂಡ ಜಪಾನಿನಿಂದ ತಂದದ್ದು. ತಂದದ್ದು ಎರಡು: ಒಂದು ಹೆಂಡತಿಗೆ, ಒಂದು ವಿಜಯವಾಡದ ಒನ್ ಟೌನಿನಲ್ಲಿ ಪಾತ್ರೆಯ ಸಗಟು ವ್ಯಾಪಾರ ಮಾಡುವ ತಮ್ಮ ಸತ್ಯಂಗೆ. ಅತ್ತಿಗೆ ಮೈದುನ ಕಾದಾಡಲಿ, ತಾನು ದಡದಲ್ಲಿ ಕೂತು ನಗಬೇಕು ಎಂಬುದು ಅವರ ಆಸೆ. ಕಾದಾಟದ ಕ್ರಮ ಸರಳ. ಪ್ರತಿ ದೋಣಿಗೂ ಉದ್ದದ ದಾರದಲ್ಲಿ ನಿಂಬೆಹಣ್ಣಿನಷ್ಟು ಬಲೂನು. ದೋಣಿ ಮುಳುಗಿದರೂ ಬಲೂನು ಮೇಲೆ ತೇಲುತ್ತದೆ. ಎದುರಾಳಿಯ ಬಲೂನಿಗೆ ನಿಮ್ಮ ದೋಣಿಯ ನೆತ್ತಿಯ ಸೂಜಿ ಕೆಳಗಿನಿಂದ ಚುಚ್ಚಬೇಕು. ಮುಳುಗಿದ ದೋಣಿ ಹೇಳಿದಾಗ ಏಳದಿದ್ದರೆ ಸೋಲು. ಇನ್ನೊಂದು ಕಟ್ಟುಪಾಡು: ಆಟಕ್ಕೆ ಮೊದಲು ದೋಣಿಯನ್ನು ಅಲ್ಲಿಯ ನೀರಿಗಿಳಿಸಿ ನೋಡುವಂತಿಲ್ಲ. "ಸಮುದ್ರ ಯಾರಿಗೂ ರಿಹರ್ಸಲ್ ಕೊಡೂದಿಲ್ಲ ಅಂತಿದ್ರು ಇವರು" ಎಂದು ವತ್ಸಲಕ್ಕ ಹೇಳುತ್ತಿದ್ದರು.

ನಾಲಿಗೆಯ ಕೆಲಸ ಬರುತ್ತಿದ್ದದ್ದು ಅಲ್ಲೇ. ಉಪ್ಪು ನೀರು ದೋಣಿಯನ್ನು ಎತ್ತಿ ಹಿಡಿಯುತ್ತದೆ, ಸಿಹಿನೀರು ಕೈಬಿಡುತ್ತದೆ. ಅವರ ಹಿತ್ತಿಲಿನ ಬೋರು ಕಡಲ ಹತ್ತಿರದ್ದು, ಬಾಯಿಗಿಡಲಾಗದಷ್ಟು ಉಪ್ಪು. ಅಲ್ಲಿ ಹದ ಮಾಡಿದ ದೋಣಿಯನ್ನು ಸಿಹಿನೀರಿಗೆ ಇಳಿಸುವ ಮೊದಲು ಗುಂಡು ತೆಗೆಯದಿದ್ದರೆ ಅದು ನೇರ ತಳಕ್ಕೆ ಹೋಗುತ್ತದೆ. ಆಳದಲ್ಲಿ ರೇಡಿಯೋದ ಮಾತು ಅದಕ್ಕೆ ಕೇಳಿಸುವುದಿಲ್ಲ.

ಆ ವರ್ಷ ಸತ್ಯಂ ಫೋನಿನಲ್ಲಿ ಒಂದು ಷರತ್ತು ಹಾಕಿದ. ಎರಡು ಸೆಟ್ಟುಗಳೂ ಹಳತಾಗಿವೆ, ಬಿಡಿಭಾಗ ಸಿಗುವುದಿಲ್ಲ, ಎರಡನ್ನೂ ಬಿಚ್ಚಿ ಸೇರಿಸಿದರೆ ಒಂದು ಗಟ್ಟಿ ಸೆಟ್ಟಾಗುತ್ತದೆ, ಗೆದ್ದವರಿಗೆ ಎರಡೂ. ಸೋತವರ ಆಟ ಅಲ್ಲಿಗೆ ಮುಗಿಯಿತು. ವತ್ಸಲಕ್ಕ ಫೋನಿಟ್ಟು ತೊಟ್ಟಿಯ ದೋಣಿಯನ್ನು ಎತ್ತಿ ಒರೆಸಿದರು. ಆಮೇಲೆ, "ಬರ್ತೀರೇನು, ಶ್ರೀಧರ್? ಸಾಮಾನು ಹಿಡೀಲಿಕ್ಕೆ ಒಬ್ಬರು ಬೇಕು" ಎಂದರು.

ಆಟ ಮಂಗಳಗಿರಿಯ ಹೊರಗಿನ ಒಂದು ಕೆರೆಯಲ್ಲಿ. ಅಂದು ನಿರ್ಜಲ ಏಕಾದಶಿ, ವತ್ಸಲಕ್ಕ ಹನಿ ನೀರೂ ಬಾಯಿಗೆ ಹಾಕುವಂತಿರಲಿಲ್ಲ. "ದಿನ ಬದಲಿಸೋಣ, ವದಿನಾ" ಎಂದು ಸತ್ಯಂ ಅತ್ತಿಗೆಗೆ ಹೇಳಿ ನೋಡಿದ. "ಬಾಯಿಗೆ ಉಪವಾಸ, ಕೈಗಲ್ಲ" ಎಂದರು. ಬಿಸಿಲು ನೆತ್ತಿ ಸುಡುತ್ತಿತ್ತು, ಅವರ ತುಟಿ ಬಿರಿದಿತ್ತು. ಹತ್ತಿಪ್ಪತ್ತು ನೇಕಾರರು ದಡದ ಬೇವಿನ ನೆರಳಲ್ಲಿ ತಮಾಷೆ ನೋಡಲು ಕೂತಿದ್ದರು.

"ನೀರಿನ ರುಚಿ ನೀವು ನೋಡ್ರಿ, ಶ್ರೀಧರ್. ನನಗ ಇವತ್ತ ನಡ್ಯಾಂಗಿಲ್ಲ. ನಮ್ಮ ಬೋರಿನ ನೀರಿನಂಗದ ಏನು, ಸಪ್ಪಗದ ಏನು, ಅಷ್ಟ ಹೇಳ್ರಿ."

ನಾನು ಕೆರೆಯ ಅಂಚಿಗೆ ಹೋದೆ. ಹತ್ತು ಮಾರು ದೂರದಲ್ಲಿ ಎಮ್ಮೆಗಳು ಮೂಗಿನವರೆಗೆ ಮುಳುಗಿ ಮಲಗಿದ್ದವು. ಹಸಿರು ಪಾಚಿ, ಸಗಣಿ. ಬೆರಳು ಅದ್ದಿದೆ, ಬಾಯಿಗೆ ಒಯ್ಯಲಾಗಲಿಲ್ಲ. ದಡದ ಕಲ್ಲುಗಳ ಮೇಲೆ ಬಿಳಿ ಪುಡಿ ಕಟ್ಟಿತ್ತು. ಉಪ್ಪೇ ಇರಬೇಕು ಎಂದುಕೊಂಡೆ. ಅವರಿಗೆ ಬೆನ್ನು ಮಾಡಿ ನಿಂತು, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ತಿರುಗಿದೆ.

"ನಮ್ಮ ಬೋರಿನ ಹಾಗೇ ಇದೆ, ಅಕ್ಕ. ಒಳ್ಳೇ ಉಪ್ಪು."

ವತ್ಸಲಕ್ಕ ನನ್ನನ್ನು ಒಂದು ಸಲ ನೋಡಿದರು. ದೋಣಿಯ ಮುಚ್ಚಳಕ್ಕೆ ಹಾಕಿದ್ದ ಸ್ಕ್ರೂಡ್ರೈವರ್ ಹಿಂದೆ ತೆಗೆದುಕೊಂಡರು. ಒಂದು ಗುಂಡನ್ನೂ ತೆಗೆಯಲಿಲ್ಲ.

ಎರಡೂ ದೋಣಿಗಳು ನೀರಿಗಿಳಿದವು. ಮೊದಲ ಸುತ್ತು ಮೇಲ್ಮೈಯಲ್ಲೇ. ಸತ್ಯಂನ ಹಳದಿ ಬಲೂನಿನ ಸುತ್ತ ಅವರ ಕರಿ ದೋಣಿ ಹದ್ದಿನಂತೆ ತಿರುಗಿತು. ಪಕ್ಕದಲ್ಲಿ ಕೂತ ನೇಕಾರನೊಬ್ಬ ಕಲ್ಲಿನ ಬಿಳಿ ಪುಡಿಯನ್ನು ಕಾಲಿನಿಂದ ಕೆರೆಯುತ್ತಿದ್ದ. ನನ್ನ ಮುರುಕು ತೆಲುಗಿನಲ್ಲಿ ಇಲ್ಲಿಯ ನೀರು ಉಪ್ಪಲ್ಲವೇ ಎಂದು ಕೇಳಿದೆ. ಅವನು ನಕ್ಕ. ಅದು ನೂಲು ತೊಳೆಯುವ ಸೋಡಾ ಪುಡಿಯಂತೆ. ನೀರು ಸಕ್ಕರೆಯಂತೆ, ಬೇಕಾದರೆ ಕುಡಿದು ನೋಡಿ ಎಂದ.

ನಾನು ಎದ್ದೆ. ಕೂಗಬೇಕು. ಅಷ್ಟರಲ್ಲಿ ವತ್ಸಲಕ್ಕನ ಹೆಬ್ಬೆರಳು ಕೈಯಲ್ಲಿದ್ದ ರೇಡಿಯೋದ ಕಡ್ಡಿಯನ್ನು ಕೆಳಗೆಳೆದಾಗಿತ್ತು. ದೋಣಿ ಹೊಟ್ಟೆಗೆ ನೀರು ತುಂಬಿಕೊಂಡಿತು. ಮೆಲ್ಲಗೆ ಮುಳುಗಬೇಕಾದದ್ದು ಕಲ್ಲಿನಂತೆ ಇಳಿಯಿತು. ಅವರ ಕೆಂಪು ಬಲೂನು ಒಂದು ಕ್ಷಣ ನಡುಗಿ, ಆ ಆಳಕ್ಕೆ ದಾರ ಸಾಲದೆ ನೀರೊಳಗೆ ಹೋಯಿತು.

ಅವರು ಕಡ್ಡಿ ಮೇಲೆತ್ತಿದರು. ಏನೂ ಇಲ್ಲ. ಆಂಟೆನಾ ಬಗ್ಗಿಸಿ, ಸೀರೆ ನೆನೆಯುವಷ್ಟು ನೀರಿಗಿಳಿದು ಮತ್ತೆ ಎತ್ತಿದರು. ಐದು ನಿಮಿಷ, ಹತ್ತು ನಿಮಿಷ. ಕೆರೆಯ ಮೇಲೆ ಸತ್ಯಂನ ಹಳದಿ ಬಲೂನು ಒಂದೇ.

"ಐಪೋಯಿಂದಿ, ವದಿನಾ" ಎಂದ ಸತ್ಯಂ ಕೊನೆಗೆ. ಮುಗಿಯಿತು ಎಂದು ಹೇಳುವವನ ಮುಖದಲ್ಲಿ ಗೆಲುವಿರಲಿಲ್ಲ. ಪಂಚೆ ಕಟ್ಟಿ ತಾನೇ ಧುಮುಕಿದ. ಮೂರನೆಯ ಮುಳುಗಿಗೆ ಕೆಸರು ಮೆತ್ತಿದ ದೋಣಿಯನ್ನು ಎತ್ತಿ ತಂದು ಅವರ ಕಾಲ ಬಳಿ ಇಟ್ಟ.

ವತ್ಸಲಕ್ಕ ಮುಚ್ಚಳ ಬಿಚ್ಚಿದರು. ರೇಡಿಯೋ ಕೂತಿದ್ದ ಗೂಡಿನಲ್ಲಿ ಒಂದು ಹನಿ ನೀರಿಲ್ಲ. ಅವರ ಕೆಲಸದಲ್ಲಿ ಎಲ್ಲೂ ತಪ್ಪಿರಲಿಲ್ಲ. ರೇಡಿಯೋವನ್ನು ಒಂದೊಂದೇ ಸ್ಕ್ರೂ ತೆಗೆದು ಬಿಡಿಸಿ, ಸೆರಗಿನಿಂದ ಒರೆಸಿ ಮೈದುನನ ಕೈಗಿಟ್ಟರು. ಬೇಡವೆಂದರೆ ಅತ್ತಿಗೆಯನ್ನು ಇನ್ನೊಮ್ಮೆ ಸೋಲಿಸಿದಂತೆ ಎಂದು ಅವನಿಗೆ ಗೊತ್ತಿತ್ತು. ತೆಗೆದುಕೊಂಡ.

"ಯಾಕ್ ವದಿನಾ, ಹೀಗ್ಯಾಕಾಯ್ತು?" ಎಂದು ಅವರಿಂದಲೇ ಕಲಿತ ಕನ್ನಡದಲ್ಲಿ ಕೇಳಿದ.

"ಕಾರಣ ಹೇಳಿದ್ರ ಸೋತದ್ದು ಗೆದ್ದಂಗಾಗ್ತದೇನು?" ಎಂದರು.

ವಿಶಾಖಪಟ್ಟಣದವರೆಗೆ ಏಳು ತಾಸಿನ ರೈಲು. ಬರಿದಾದ ದೋಣಿಯನ್ನು ಮಡಿಲಲ್ಲಿಟ್ಟುಕೊಂಡು ಅವರು ಕಿಟಕಿಗೆ ತಲೆಯಾನಿಸಿ ಕೂತಿದ್ದರು. ಪ್ರತಿ ಸ್ಟೇಷನ್ನಿನಲ್ಲೂ, ಮುಂದಿನದರಲ್ಲಿ ಹೇಳುತ್ತೇನೆ ಎಂದುಕೊಂಡೆ. ಏಲೂರು ಹೋಯಿತು, ರಾಜಮಂಡ್ರಿ ಹೋಯಿತು, ಊರೇ ಬಂದುಬಿಟ್ಟಿತು.

ಹೇಳಿದ್ದು ಒಂದೂವರೆ ವರ್ಷದ ಮೇಲೆ, ಶಿವಮೊಗ್ಗಕ್ಕೆ ವರ್ಗವಾಗಿ ವಿದಾಯ ಹೇಳಲು ಹೋದಾಗ. ಅವರು ತೊಟ್ಟಿಯ ಪಕ್ಕ ಬೆಂಡೆಗಿಡಕ್ಕೆ ಪಾತಿ ಮಾಡುತ್ತಿದ್ದರು. ನಿಂತಲ್ಲೇ ಎಲ್ಲ ಒದರಿಬಿಟ್ಟೆ.

"ಗೊತ್ತದ" ಎಂದರು, ತಲೆ ಎತ್ತದೆ. "ನಿಮ್ಮ ಪ್ಯಾಂಟಿನ ಮ್ಯಾಲೆ ಒದ್ದಿ ಬೆರಳಿನ ಗುರ್ತು ಇತ್ತು. ನಾಲಿಗಿಗೆ ಇಟ್ಟ ಬೆರಳು ಅಷ್ಟು ಒದ್ದಿ ಇರಾಂಗಿಲ್ಲ."

"ದೋಣಿ ಮುಳುಗಿದ ಮೇಲೆ ನೋಡಿದ್ರಾ, ಅಕ್ಕ?"

"ಇಳಿಸೂಕಿಂತ ಮೊದಲಽ ನೋಡಿದೆ. ಅಷ್ಟು ಮಂದಿ ಮುಂದ, ನಮ್ಮ ಮೈದುನನ ಮುಂದ, ನಮ್ಮವನೊಬ್ಬ ಸುಳ್ಳು ಹೇಳ್ಯಾನ ಅಂತ ಹೆಂಗ ಅನ್ನೂದು? ಅದಕಿಂತ ದೋಣಿ ಇಳಿಸೂದು ಸಸಾರ ಅನಿಸ್ತು." ಮಣ್ಣಿನ ಕೈ ಜಾಡಿಸಿಕೊಂಡು ಎದ್ದರು. "ಸಸಾರ ಇರಲಿಲ್ರೀ, ಶ್ರೀಧರ್."

ಒಳಗೆ ಹೋಗಿ ದಾರಿಗೆಂದು ಅವಲಕ್ಕಿಯ ಪೊಟ್ಟಣ ತಂದುಕೊಟ್ಟರು. ಗೇಟಿನವರೆಗೆ ಬಂದರು. ಮತ್ತೆ ಯಾವಾಗ ಬರುತ್ತೀರಿ ಎಂದು ಅವರು ಕೇಳಲಿಲ್ಲ. ಬರುತ್ತೇನೆ ಎನ್ನುವ ಬಾಯಿ ನನಗೂ ಇರಲಿಲ್ಲ.