ಮೇಡಂ, ಕೈ ಕೊಡಿ

“ಮೇಡಂ, ಕೈ ಕೊಡಿ.”

ಹೋದ ಭಾನುವಾರ ಬೆಳಿಗ್ಗೆ ಕುದುರೆಯ ಬೆನ್ನೇರಿ ಒಂದು ಅಡ್ಡಕೋಲಿನತ್ತ ಸಾಗುತ್ತಿದ್ದ ನನಗೆ ಈ ಆಜ್ಞೆ ಕೇಳಿಸಿತು. ಕೊಟ್ಟವರು ನನ್ನ ಕೋಚ್. ನಾನು ವಿಧೇಯ ವಿದ್ಯಾರ್ಥಿನಿ. ಲಗಾಮಿನಿಂದ ಬಲಗೈಯನ್ನು ಬಿಡಿಸಿಕೊಂಡು, ಬಸ್ಸಿನ ಮೆಟ್ಟಿಲ ಮೇಲೆ ನಿಂತವರು ಕೆಳಗಿನಿಂದ ಹತ್ತುವವರಿಗೆ ಚಾಚುತ್ತಾರಲ್ಲ, ಹಾಗೆ ಅವರತ್ತ ಚಾಚಿದೆ.

ಕುದುರೆ ನಿಂತಿತು. ನನ್ನ ದೇಹದ ಮೇಲ್ಭಾಗ ನಿಲ್ಲಲಿಲ್ಲ. ಅದರ ಕುತ್ತಿಗೆಯನ್ನು ತಬ್ಬಿಕೊಂಡು ಹೇಗೋ ಉಳಿದೆ.

“ಇದೇನ್ ಮೇಡಂ, ಶೇಕ್‌ಹ್ಯಾಂಡ್ ಕೇಳಿದ್ನಾ ನಾನು?”

ನೀವೇ ಹೇಳಿ, ಕನ್ನಡದಲ್ಲಿ ‘ಕೈ ಕೊಡು’ ಎಂದರೆ ಏನರ್ಥ? ನಾನು ಎರಡು ದಶಕ ತರಗತಿಯಲ್ಲಿ ಕಲಿಸಿದ ನುಡಿಗಟ್ಟು ಇದು. ಕೈ ಕೊಡು: ನಂಬಿಸಿ ಮೋಸ ಮಾಡು, ಸಮಯಕ್ಕೆ ಒದಗದೆ ಹೋಗು. ಸ್ವಂತ ವಾಕ್ಯದಲ್ಲಿ ಬಳಸಿ ಎಂದರೆ ಮಕ್ಕಳು ತಪ್ಪದೆ ಬರೆಯುತ್ತಿದ್ದರು, ‘ಪರೀಕ್ಷೆಯ ದಿನ ಪೆನ್ನು ಕೈ ಕೊಟ್ಟಿತು.’ ಪೂರ್ಣ ಅಂಕ. ವಾಚ್ಯಾರ್ಥ ಹಸ್ತಲಾಘವ, ಲಕ್ಷ್ಯಾರ್ಥ ದ್ರೋಹ. ಮೂರನೆಯ ಅರ್ಥವೂ ಒಂದಿದೆ ಎಂದು ಯಾವ ನಿಘಂಟೂ ನನಗೆ ಹೇಳಿರಲಿಲ್ಲ.

ಇರಲಿ. ಐವತ್ತು ದಾಟಿದ, ಪೂರ್ಣವಿರಾಮವಿಲ್ಲದ ವಾಟ್ಸಾಪ್ ಸಂದೇಶಕ್ಕೆ ಉತ್ತರವನ್ನೇ ಕೊಡದ ಹೆಂಗಸು ಕುದುರೆಯ ಮೇಲೆ ಏನು ಮಾಡುತ್ತಿದ್ದಳು?

ಈ ಅಂಕಣವನ್ನು ಓದುತ್ತ ಬಂದವರಿಗೆ ನನ್ನ ಗಂಟಲಿನ ಸಮಾಚಾರ ಗೊತ್ತು. ಹೊಸಬರಿಗಾಗಿ ಎರಡು ಸಾಲು. ಧ್ವನಿತಂತುಗಳ ಮೇಲೆ ಪುಟ್ಟ ಗಂಟುಗಳೆದ್ದವು. ವೈದ್ಯರು, “ಗಟ್ಟಿಯಾಗಿ ಮಾತಾಡ್ಬೇಡಿ. ಪಿಸುಗುಟ್ಟಲೂಬೇಡಿ, ಅದು ಇನ್ನೂ ಕೆಟ್ಟದ್ದು” ಎಂದರು. ಗಟ್ಟಿಯಾಗಿ ಮಾತನಾಡದ ಮೇಷ್ಟರನ್ನು ಯಾವ ತರಗತಿ ಸಹಿಸೀತು? ಶಾಲೆಯನ್ನು ಬಿಟ್ಟೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಗಂಟಲು ಕೈ ಕೊಟ್ಟಿತು. (ಗಂಟಲಿಗೆ ಕೈ ಎಲ್ಲಿಂದ ಬಂತು ಎಂದು ಕೇಳಬೇಡಿ. ನುಡಿಗಟ್ಟುಗಳಿಗೆ ಶರೀರಶಾಸ್ತ್ರ ಅನ್ವಯಿಸುವುದಿಲ್ಲ.)

ಒಂದು ಅಂಗ ಕೈ ಕೊಟ್ಟ ಮೇಲೆ ಉಳಿದ ಅಂಗಗಳ ಮೇಲೂ ಅನುಮಾನ ಶುರುವಾಗುತ್ತದೆ, ಗಮನಿಸಿದ್ದೀರಾ? ನಾನು ಮೆಟ್ಟಿಲಿಳಿಯುವಾಗ ಕಟಾಂಜನವನ್ನು ಹಿಡಿಯತೊಡಗಿದೆ. ಆಟೋದಲ್ಲಿ ಕಂಬಿಯನ್ನು ಹಿಡಿಯತೊಡಗಿದೆ. ಅಲುಗಾಡದ ಲಿಫ್ಟಿನಲ್ಲೂ ಗೋಡೆಗೆ ಅಂಗೈ ಒತ್ತಿ ನಿಲ್ಲತೊಡಗಿದೆ. ಹಿಡಿದುಕೊಳ್ಳುವುದೇ ನನ್ನ ಹೊಸ ಉದ್ಯೋಗವಾಯಿತು.

ನಮ್ಮ ಫ್ಲಾಟ್ ಇರುವುದು ಯಲಹಂಕದಲ್ಲಿ, ನಾಲ್ಕನೆಯ ಮಹಡಿಯಲ್ಲಿ. ಹಿಂಬದಿಯ ಬಾಲ್ಕನಿಯ ಕೆಳಗೆ ಮರಳು ಹಾಸಿದ ಒಂದು ಮೈದಾನವಿದೆ. ಅದೊಂದು ಕುದುರೆ ಸವಾರಿ ಶಾಲೆ. ಮಾತಿಲ್ಲದ ಆ ಮೊದಲ ಚಳಿಗಾಲದಲ್ಲಿ ನಾನು ಪ್ರತಿ ಬೆಳಿಗ್ಗೆ ಕಾಫಿಯ ಲೋಟವನ್ನು ಹಿಡಿದು (ನೋಡಿ, ಅದನ್ನೂ ಹಿಡಿದು) ಅಲ್ಲಿ ನಿಲ್ಲುತ್ತಿದ್ದೆ. ಒರೆಸಿದ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದ ಮಬ್ಬು ಉಳಿಯುವಂತೆ ಮೈದಾನದ ಮೇಲೆ ಮಂಜು ಉಳಿದಿರುತ್ತಿತ್ತು. ಮೊದಲು ಗೊರಸಿನ ಸದ್ದು ಬರುತ್ತಿತ್ತು. ಆಮೇಲೆ ಕುದುರೆ. ಮಂಜಿನೊಳಗಿಂದ ಓಡುತ್ತ ಬಂದು, ಕೋಲಿನ ಮುಂದೆ ಮೈ ಮುದುಡಿಕೊಂಡು ಎದ್ದುಬಿಡುತ್ತಿತ್ತು. ಒಂದು ಕ್ಷಣ ನಾಲ್ಕು ಕಾಲುಗಳೂ ನೆಲವನ್ನು ಬಿಟ್ಟಿರುತ್ತಿದ್ದವು.

ಅದು ಏನನ್ನೂ ಹಿಡಿದುಕೊಂಡಿರಲಿಲ್ಲ. ಯಾವುದಕ್ಕೂ ಒರಗಿರಲಿಲ್ಲ.

ವಾಯುಪಡೆಯ ವಿಮಾನಗಳು ನಮ್ಮ ತಾರಸಿಯ ಮೇಲೆ ದಿನವೂ ಗುಡುಗುತ್ತ ಹೋಗುತ್ತವೆ. ಅವುಗಳ ಹಾರಾಟ ನನ್ನಲ್ಲಿ ಯಾವ ಆಸೆಯನ್ನೂ ಹುಟ್ಟಿಸಿರಲಿಲ್ಲ. ಅವುಗಳಿಗೆ ರೆಕ್ಕೆಯಿದೆ, ಹಾರುತ್ತವೆ, ಅದರಲ್ಲೇನು ವಿಶೇಷ? ರೆಕ್ಕೆಯಿಲ್ಲದ ಈ ಭಾರದ ಪ್ರಾಣಿಯ ಆ ಒಂದು ಕ್ಷಣ ಮಾತ್ರ ನನಗೂ ಬೇಕೆನ್ನಿಸಿತು. ಒಂದೇ ಸಲ. ಅಷ್ಟು ಸಾಕು.

“ಮಂಡಿ ಕೈ ಕೊಟ್ರೆ ಎತ್ತೋರು ಯಾರು?” ಎಂದರು ನಮ್ಮ ಮನೆಯವರು. (ಮಂಡಿಗೂ ಕೈ.)

ಸವಾರಿ ಶಾಲೆಯನ್ನು ನಡೆಸುವವರು ಚೈತ್ರಾ, ನನ್ನ ಕೋಚ್. ವಯಸ್ಸು ಮೂವತ್ತೈದರ ಆಸುಪಾಸು. ಇಲ್ಲಿಯ ಹಳೆಯ ಒಕ್ಕಲು ಮನೆತನದವರು. ಅಣ್ಣಂದಿರು ತಮ್ಮ ಪಾಲಿನ ಜಮೀನಿನಲ್ಲಿ ಅಪಾರ್ಟ್‌ಮೆಂಟುಗಳನ್ನು ಎಬ್ಬಿಸಿದರು (ನಾವು ಬಾಳುತ್ತಿರುವುದು ಅವುಗಳಲ್ಲೊಂದರಲ್ಲಿ). ತಂಗಿ ತಮ್ಮ ಪಾಲಿನಲ್ಲಿ ಮರಳು ಸುರಿಸಿದರು. ದೊಡ್ಡ ದೊಡ್ಡ ಸ್ಪರ್ಧೆಗಳಲ್ಲಿ, ನನ್ನ ತಲೆಗಿಂತ ಎತ್ತರದ ಕೋಲುಗಳನ್ನು ದಾಟಿ ಬಂದವರು ಅವರು. ಅವರ ತಂದೆ ಗೌಡರು ಮೈದಾನದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎಲ್ಲರ ಸವಾರಿಗೂ ಉಚಿತವಾಗಿ ಕಾಮೆಂಟರಿ ಕೊಡುತ್ತಾರೆ.

ಮಳೆಗಾಲವಿಡೀ ನಾನು ಬೆಳ್ಳಿಯ ಮೇಲೆ ಕುಳಿತು ಸುತ್ತು ಹಾಕಿದೆ. ಬೆಳ್ಳಿ ಒಂದು ಬೂದುಬಿಳಿ ಬಣ್ಣದ ಹೆಣ್ಣು ಕುದುರೆ. ಹಿಂದೊಮ್ಮೆ ರೇಸಿನಲ್ಲಿ ಓಡಿ ನಿವೃತ್ತವಾದದ್ದು. ಚೈತ್ರಾ ಅದನ್ನು ‘ಅವಳು’ ಎನ್ನುತ್ತಾರೆ. ನಾನು ‘ಅದು’ ಎನ್ನುತ್ತೇನೆ. ಪ್ರಾಣಿವಾಚಕಗಳು ನಪುಂಸಕಲಿಂಗ. ಪ್ರೀತಿಯ ಮಾತು ಬೇರೆ, ಲಿಂಗವಿವಕ್ಷೆಯ ಮಾತು ಬೇರೆ.

ಹೋದ ಭಾನುವಾರ ನನ್ನ ಮೊದಲ ಜಂಪಿಂಗ್ ಪಾಠ. ಎರಡು ಕಂಬಗಳ ನಡುವೆ ಗುಣಾಕಾರದ ಚಿಹ್ನೆಯಂತೆ ಒಂದರ ಮೇಲೊಂದು ಇಟ್ಟ ಎರಡು ಕೋಲುಗಳು. ನಟ್ಟನಡುವಿನ ಎತ್ತರ ನನ್ನ ಮೊಣಕಾಲಿಗಿಂತ ಕಡಿಮೆ. ಬೆಳ್ಳಿ ನಿದ್ದೆಯಲ್ಲೂ ದಾಟುವಂಥದ್ದು.

“ಮೇಡಮ್ನೋರೆ, ಎದರ್ಕೊಬ್ಯಾಡಿ” ಎಂದರು ಗೌಡರು. “ಕುದ್ರೆ ಅದ್ರ ಪಾಡಿಗ್ ಅದು ಆರ್ತದೆ. ನೀವು ಸುಮ್ಕೆ ಕುಂತ್ಕಳಿ.”

ದೀಪ ಆರುತ್ತದೆ. ಕಾಫಿ ಆರುತ್ತದೆ. ಕುದುರೆ ಹಾರುತ್ತದೆ. ಇಡೀ ವೃತ್ತಿಜೀವನವನ್ನು ಹಕಾರದ ಹಿಂದೆ ಓಡುವುದರಲ್ಲಿ ಕಳೆದವಳು ನಾನು. ಗಂಟಲು ಸರಿಯಿದ್ದಿದ್ದರೆ ಅಲ್ಲಿಯೇ ತಿದ್ದಿಬಿಡುತ್ತಿದ್ದೆ.

ಮೊದಲ ಸಲ ಏನಾಯಿತೆಂದು ಹೇಳಿಯಾಗಿದೆ. ಶೇಕ್‌ಹ್ಯಾಂಡ್.

ಚೈತ್ರಾ ಹತ್ತಿರ ಬಂದು ಬಿಡಿಸಿ ಹೇಳಿದರು. “ಕೈ ಕೊಡಿ ಅಂದ್ರೆ ನನಗಲ್ಲ ಮೇಡಂ, ಅವಳಿಗೆ. ಹಾರೋವಾಗ ಅವಳು ಕತ್ತು ಉದ್ದ ಮಾಡ್ತಾಳೆ. ಆಗ ನಿಮ್ಮ ಎರಡೂ ಕೈ ಅವಳ ಕಿವಿ ಕಡೆಗೆ ಹೋಗ್ಬೇಕು. ಲಗಾಮು ಸಡಿಲ ಆಗ್ಬೇಕು. ನೀವು ಹಿಡ್ಕೊಂಡೇ ಕೂತ್ರೆ ಅವಳ ಬಾಯಿಗೆ ಪೆಟ್ಟು ಬೀಳತ್ತೆ.”

“ಅದನ್ನು ‘ಲಗಾಮನ್ನು ಸಡಿಲಿಸಿ’ ಎನ್ನಬಹುದಲ್ಲ?” ಎಂದೆ, ವೈದ್ಯರು ಮಂಜೂರು ಮಾಡಿದ ದನಿಯಲ್ಲಿ.

“ಅಷ್ಟುದ್ದ ಹೇಳೋಷ್ಟ್ರಲ್ಲಿ ಕುದ್ರೆ ಆಚೆ ಕಡೆ ಇಳ್ದಿರತ್ತೆ ಮೇಡಂ.”

ಎರಡನೆಯ ಸಲ. ಬೆಳ್ಳಿ ಟ್ರಾಟಿನಲ್ಲಿ, ಎಂದರೆ ಕುದುರೆಗಳ ಜಾಗಿಂಗಿನಲ್ಲಿ, ಹೊರಟಿತು. ನನ್ನ ಕಾಲುಗಳು ಅದರ ಪಕ್ಕೆಗಳನ್ನೊತ್ತಿ ‘ಮುಂದೆ’ ಎಂದವು. ಕೋಲು ಹತ್ತಿರ ಬಂತು. ಕೊನೆಯ ಗಳಿಗೆಯಲ್ಲಿ ನನ್ನ ಬೆರಳುಗಳು, ನನ್ನನ್ನು ಒಂದು ಮಾತೂ ಕೇಳದೆ, ಲಗಾಮನ್ನು ಎದೆಗೆ ಎಳೆದುಕೊಂಡವು. ಮೆಟ್ಟಿಲಿನ ಕಟಾಂಜನವನ್ನು ಹಿಡಿಯುವ ಬೆರಳುಗಳೇ ಅಲ್ಲವೇ ಅವು?

ಬೆಳ್ಳಿ ತಲೆಯನ್ನು ಎತ್ತಿ ಒದರಿತು. ನಿಂತಿತು. ಕೋಲನ್ನು ಒಮ್ಮೆ ಮೂಸಿ ನೋಡಿತು.

“ಅಲ್ಲ ಕಣವ್ವ ಚೈತ್ರ” ಎಂದು ಕುರ್ಚಿಯ ಕಡೆಯಿಂದ ಬಂತು. “ಮೇಡಮ್ನೋರು ಕುದ್ರೆಗೆ ಯಾಕರಣ ಏಳ್ಕೊಡ್ತಾವ್ರೆ. ಅದುಕ್ಕೇ ಅದು ನಿಂತ್ಕಂಡು ಕೇಳ್ತಾ ಅದೆ.”

“ಅಪ್ಪಾ, ಸ್ವಲ್ಪ ಸುಮ್ನಿರು.” ಚೈತ್ರಾ ನನ್ನತ್ತ ತಿರುಗಿದರು. “ಕಾಲಲ್ಲಿ ಹೋಗು ಅಂತೀರ, ಕೈಯಲ್ಲಿ ಬೇಡ ಅಂತೀರ. ಅವಳು ಯಾವ್ದನ್ನ ಕೇಳ್ಬೇಕು?”

ಕಾಲು ವಿಧ್ಯರ್ಥ, ಕೈ ನಿಷೇಧಾರ್ಥ. ಒಂದೇ ವಾಕ್ಯದಲ್ಲಿ ಪರಸ್ಪರ ಹೊಡೆದಾಡುವ ಎರಡು ಕ್ರಿಯಾಪದಗಳು. ಯಾರಾದರೂ ಹಾಗೆ ಬರೆದು ತಂದಿದ್ದರೆ ನಾನು ಓದುತ್ತಲೇ ಇರಲಿಲ್ಲ. ಬೆಳ್ಳಿಯೂ ಓದಲಿಲ್ಲ.

ಚೈತ್ರಾ ಕುದುರೆಯ ಬಾಯಿಯ ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು. “ಬೇಜಾರ್ ಮಾಡ್ಕೋಬೇಡಿ ಮೇಡಂ. ಇನ್ನೊಂದ್ ಸಲ ನಿಂತ್ರೆ ನೀವು ಇಳೀಬೇಕು. ನಾನು ಹತ್ತಿ ದಾಟಿಸ್ತೀನಿ. ನಿಂತ್ರೂ ನಡೆಯತ್ತೆ ಅಂತ ಅವಳಿಗೆ ಅಭ್ಯಾಸ ಆಗ್ಬಾರ್ದು.”

“ಆಮೇಲೆ ನಾನು?”

“ನೀವು ಸುತ್ತು ಹಾಕ್ಕೊಂಡು ಇರ್ಬಹುದು, ಎಷ್ಟು ದಿನ ಬೇಕಾದ್ರೂ. ಜಂಪಿಂಗ್ ಬೇಡ. ಬಾಯಿ ನೋಯಿಸೋರ ಜೊತೆ ಕುದ್ರೆ ಹಾರಲ್ಲ.”

ಅವರು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಒಳ್ಳೆಯದಿತ್ತು.

ಒಂದು ಮಾತು ಎದ್ದು ಹೊರಡುವ ಹೊತ್ತಿಗೆ ಒಳಗಿನಿಂದ ಯಾರೋ ಹಿಡಿದು ಎಳೆದಂತಾಗುತ್ತದೆಯಲ್ಲ, ಅದು ಹೇಗಿರುತ್ತದೆಂದು ನನಗೆ ಗೊತ್ತು. ದಿನಕ್ಕೆ ಹತ್ತಾರು ಸಲ ನನಗೆ ಹಾಗಾಗುತ್ತದೆ. ಅದನ್ನೇ ನಾನು ಈ ಪ್ರಾಣಿಗೆ ಮಾಡುತ್ತಿದ್ದೇನೆಯೇ? ಎದ್ದು ಹೊರಟದ್ದನ್ನು, ಬಾಯಿಯಲ್ಲೇ ಹಿಡಿದು?

“ಕೋಲನ್ನ ನೋಡ್ಬೇಡಿ” ಎಂದರು ಚೈತ್ರಾ, ದೂರ ಸರಿಯುತ್ತ. “ಅದರಾಚೆ ಎಲ್ಲಾದ್ರೂ ನೋಡಿ. ನೀವು ನೋಡಿದ್ ಕಡೆಗೆ ಅವಳು ಹೋಗ್ತಾಳೆ.”

ಆಚೆ ನೋಡಿದೆ. ಬೇಲಿ. ಬೇಲಿಯಾಚೆ ಸಿಲ್ವರ್ ಓಕ್ ಮರಗಳು. ಅವುಗಳಾಚೆ, ಇನ್ನೂ ಪೂರ್ತಿ ಕರಗದ ಮಂಜಿನಲ್ಲಿ ತೇಲುತ್ತಿರುವಂತೆ, ನಮ್ಮ ಕಟ್ಟಡ. ನಾಲ್ಕನೆಯ ಮಹಡಿ. ಹಿಂದಿನ ರಾತ್ರಿ ನಾನೇ ಒಣಹಾಕಿದ್ದ ಮರೂನ್ ಬಣ್ಣದ ಬೆಡ್‌ಶೀಟು. ಅದೇ ಬಾಲ್ಕನಿ.

ಬೆಳ್ಳಿ ಹೊರಟಿತು. ಇಬ್ಬನಿಗೆ ಒದ್ದೆಯಾದ ಮರಳಿನಲ್ಲಿ ಗೊರಸಿನ ಸದ್ದು ಮೆತ್ತಗಿತ್ತು, ಪಕ್ಕದ ಕೋಣೆಯಲ್ಲಿ ಯಾರೋ ಹಿಟ್ಟು ನಾದುತ್ತಿರುವಂತೆ. ಅದರ ಬಿಸಿಯುಸಿರು ಮಂಜಿಗೆ ಸೇರಿ ಮಂಜೇ ಆಗುತ್ತಿತ್ತು. ನಿಮಿರಿದ ಎರಡು ಕಿವಿಗಳ ನಡುವೆ, ಆವರಣ ಚಿಹ್ನೆಯೊಳಗಿನ ಪದದಂತೆ, ನಮ್ಮ ಬಾಲ್ಕನಿ ಕುಳಿತಿತ್ತು. ವಿಮಾನವೊಂದು ಎಲ್ಲೋ ಗುಂಯ್‌ಗುಡುತ್ತಿತ್ತು. ಗೌಡರು ಏನೋ ಅಂದರು. ಎಲ್ಲವೂ ನೀರಿನಡಿಯಿಂದ ಕೇಳಿದಂತೆ.

“ಕೈ ಕೊಡಿ.”

ಕೊಟ್ಟೆ.

ಕೈಗಳು ಕುತ್ತಿಗೆಯ ಕೂದಲಿನುದ್ದಕ್ಕೂ ಹರಿದು ಹೋದವು. ನನ್ನ ಕೆಳಗೆ ಬೆನ್ನು ದುಂಡಗಾಗಿ ಎದ್ದಿತು. ಗೊರಸಿನ ಸದ್ದು ನಿಂತಿತು. ನಂಬಿದರೆ ನಂಬಿ, ನಾಲ್ಕನೆಯ ಮಹಡಿಯ ಬಾಲ್ಕನಿಯಲ್ಲಿ ಒಬ್ಬ ಹೆಂಗಸು ಕಾಫಿಯ ಲೋಟವನ್ನು ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು. (ಬೆಡ್‌ಶೀಟೇ ಇರಬೇಕು.) ಅವಳಿಗೆ ಈ ಮಂಜಿನಲ್ಲಿ ಏನು ಕಾಣುತ್ತಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೇನು ಬೇಕೆಂಬುದೂ ಗೊತ್ತಿತ್ತು. ಕೈಯೆತ್ತಿ ಕರೆಯೋಣವೆಂದರೆ ಕೈಗಳು ನನ್ನ ಬಳಿ ಇರಲಿಲ್ಲ, ಕೊಟ್ಟಾಗಿತ್ತು.

ಆ ಕ್ಷಣ ಎಷ್ಟು ಉದ್ದವಿತ್ತು? ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ದೂರದಲ್ಲಿರುವವರನ್ನು ಕೂಗುವಾಗ ಸ್ವರವನ್ನು ಎಳೆಯುತ್ತೇವಲ್ಲ, ಅದು ಪ್ಲುತ, ಅದಕ್ಕೆ ಮೂರು. ‘ಪ್ಲುತ’ ಎಂಬ ಸಂಸ್ಕೃತ ಪದಕ್ಕೆ ನೆಗೆದದ್ದು, ಹಾರಿದ್ದು ಎಂದೇ ಅರ್ಥ. ಇದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಒಳಗೆ ಹೊಕ್ಕು ನೋಡಿದ್ದು ಇದೇ ಮೊದಲು. ಕೂಗಲಾರದ ಗಂಟಲಿನವಳಿಗೂ ಮೂರು ಮಾತ್ರೆ ಸಿಕ್ಕಿತು.

ಆಮೇಲೆ ಬೆಳ್ಳಿ ಇಳಿದಳು. ನಾನೂ ಅವಳ ಬೆನ್ನ ಮೇಲೆಯೇ ಇದ್ದೆ. (‘ಇಳಿದಳು’. ಹೌದು. ತಿದ್ದುವುದಿಲ್ಲ.)

“ಆರ್ತು ಕಣವ್ವ” ಎಂದರು ಗೌಡರು, ಕುರ್ಚಿಯಿಂದ ಅರ್ಧ ಎದ್ದು. “ಆರೇಬುಡ್ತು.”

ಹಕಾರವೇ? ಹಾರಿಹೋಗಿತ್ತು. ನನಗೆ ಅದರ ಅವಶ್ಯಕತೆಯೂ ಕಾಣಲಿಲ್ಲ.

“ಇನ್ನೊಂದು ಸಲ?” ಎಂದೆ.

“ಬೇಡ ಮೇಡಂ. ಚೆನ್ನಾಗಿ ಆದಾಗ್ಲೇ ನಿಲ್ಲಿಸ್ಬೇಕು, ಅವಳಿಗೂ ಅದೇ ನೆನಪಿರತ್ತೆ. ಲಗಾಮು ಉದ್ದಕ್ಕೆ ಬಿಡಿ. ಅವಳ ಪಾಡಿಗೆ ನಡೀಲಿ.” ಚೈತ್ರಾ ಬೆಳ್ಳಿಯ ಕುತ್ತಿಗೆ ತಟ್ಟಿದರು. ಆಮೇಲೆ ನನ್ನತ್ತ ಕೈ ಚಾಚಿದರು. “ಈಗ ಕೊಡಿ ಶೇಕ್‌ಹ್ಯಾಂಡ್.”

ಮನೆಗೆ ಬಂದೆ. ಮೆಟ್ಟಿಲು ಹತ್ತಿಯೇ ಬಂದೆ. ಕಟಾಂಜನವನ್ನು ಹಿಡಿದಿದ್ದೆನೇ ಇಲ್ಲವೇ ಎಂಬುದು ನೆನಪಿಲ್ಲ. ನಮ್ಮ ಮನೆಯವರು ಪತ್ರಿಕೆಯ ಮೇಲಿಂದ ಕಣ್ಣೆತ್ತಿ, “ಹೇಗಾಯ್ತು?” ಎಂದರು.

‘ಕೈ ಕೊಟ್ಟೆ’ ಎನ್ನಬೇಕಿತ್ತು. ಸಂತೋಷಕ್ಕೋ ಚಳಿಗೋ ಗಂಟಲು ಹಿಡಿದುಕೊಂಡು, ‘ಕೈ ಕೊಟ್ಟ’ ಎಂಬಷ್ಟು ಮಾತ್ರ ಹೊರಬಂತು. ಕ್ರಿಯಾಪದದ ಪ್ರತ್ಯಯ ಒಳಗೇ ಉಳಿಯಿತು. ಪ್ರತ್ಯಯವಿಲ್ಲದೆ ಕರ್ತೃ ಯಾರೆಂದು ತಿಳಿಯುವುದಾದರೂ ಹೇಗೆ?

“ನಾನು ಮೊದ್ಲೇ ಹೇಳಿರ್ಲಿಲ್ವಾ?” ಎನ್ನುತ್ತ ಅವರು ನೋವಿನ ಮುಲಾಮನ್ನು ಹುಡುಕಲು ಎದ್ದರು. “ಯಾವ್ದು, ಮಂಡೀನಾ ಸೊಂಟಾನಾ?”

ಕೈ ಕೊಡುವುದಕ್ಕೆ ‘ಮೋಸ’ ಎಂದು ಮೊತ್ತಮೊದಲು ಅರ್ಥ ಹೇಳಿದ ಮಹಾನುಭಾವ, ಆ ಹೊತ್ತಿನಲ್ಲಿ ಯಾವುದರ ಲಗಾಮನ್ನು ಎದೆಗೆ ಎಳೆದುಕೊಂಡು ಕುಳಿತಿದ್ದನೋ?